ನಗಿಸಿದವನಿಗಾಗಿ ಅತ್ತ ಮಹಾನಗರ

ರಾಜರು ಕಾಲವಾದಾಗ ಪ್ರಜೆಗಳು ಶೋಕವನ್ನಾಚರಿಸುವುದು ಲೋಕರೂಢಿ. ಮಂತ್ರಿಗಳೂ ಸೇನಾಪತಿಗಳೂ ಗತಿಸಿದಾಗ ಕಚೇರಿಗಳ ಬಾಗಿಲು ಮುಚ್ಚುವುದೂ ಧ್ವಜಗಳು ಅರ್ಧಕ್ಕಿಳಿಯುವುದೂ ಸರಕಾರದ ಅಪ್ಪಣೆಯ ಮೇಲೆ ನಡೆಯತಕ್ಕ ಕಾರ್ಯಗಳು. ಆದರೆ ಯಾರ ಅಪ್ಪಣೆಯೂ ಇಲ್ಲದೆ, ಅಧಿಕಾರವಾಗಲಿ ಕುಲಗೌರವವಾಗಲಿ ಇಲ್ಲದ ಒಬ್ಬ ವಿನೋದಗಾರನಿಗಾಗಿ ಮಹಾನಗರವೊಂದರ ಸಾಮಾನ್ಯ ಜನರು ಕೆಲಸ ಬಿಟ್ಟು ಬೀದಿಗೆ ಬಂದು ನಿಂತರೆಂದರೆ, ಅದರ ಕಾರಣವನ್ನು ವಿಚಾರಿಸುವುದು ಯೋಗ್ಯವೇ ಸರಿ. ೧೯೦೪ನೆಯ ಇಸವಿ ನವೆಂಬರ್ ೮ನೆಯ ತಾರೀಖು ಲಂಡನ್ ನಗರದ ದಕ್ಷಿಣಭಾಗದಲ್ಲಿ ಇಂತಹ ಸಂಗತಿಯೊಂದು ನಡೆಯಿತು. ಡ್ಯಾನ್ ಲೀನೋ ಎಂಬ ಹಾಸ್ಯನಟನ ಶವಪೆಟ್ಟಿಗೆಯು ಟೂಟಿಂಗಿನಲ್ಲಿರುವ ಲ್ಯಾಂಬೆತ್ ಸ್ಮಶಾನಕ್ಕೆ ಸಾಗುತ್ತಿರಲು, ಜನರು ದಾರಿಯುದ್ದಕ್ಕೂ ಸಾಲುಗಟ್ಟಿ ನಿಂತಿದ್ದರು. ಸತ್ತವನಿಗೆ ಆಗ ೪೩ ವರ್ಷ ವಯಸ್ಸು. ನಿಂತವರಲ್ಲಿ ಬಹುಮಂದಿ ಆತನೊಡನೆ ಒಂದು ಮಾತನ್ನೂ ಆಡಿದವರಲ್ಲ. ಆದರೂ ತಮ್ಮ ಮನೆಯವನೊಬ್ಬನನ್ನು ಕಳೆದುಕೊಂಡವರಂತೆ ಅವರು ದುಃಖಿಸಿದರು.

ಲೀನೋನ ಜನ್ಮನಾಮ ಜಾರ್ಜ್ ವೈಲ್ಡ್ ಗಾಲ್ವಿನ್. ಆತನು ಹುಟ್ಟಿದ್ದು ೧೮೬೦ನೆಯ ಇಸವಿ ಡಿಸೆಂಬರ್ ೨೦ರಂದು, ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಪ್ರಾಂತದ ಒಂದು ಬಡವರ ಕೇರಿಯಲ್ಲಿ. ಕೆಲವೇ ವರ್ಷಗಳ ತರುವಾಯ ಅಲ್ಲಿ ದೊಡ್ಡ ರೈಲುನಿಲ್ದಾಣವೊಂದು ನಿರ್ಮಿತವಾಗುವಾಗ ಆ ಕೇರಿಯೇ ನೆಲಸಮವಾಯಿತು. ತಾಯಿತಂದೆಗಳಿಬ್ಬರೂ ಹಾಡಿ ಕುಣಿದು ಜೀವಿಸುತ್ತಿದ್ದ ಸಾಮಾನ್ಯ ಕಲಾವಿದರು. ೧೮೬೪ರಲ್ಲಿ ತಂದೆ ತೀರಿಕೊಂಡನು. ಅದೇ ವರ್ಷ, ಇನ್ನೂ ನಾಲ್ಕು ತುಂಬದ ಹುಡುಗನನ್ನು ಪ್ಯಾಡಿಂಗ್ಟನ್ನಿನ ಒಂದು ವಿನೋದಶಾಲೆಯ ರಂಗದ ಮೇಲೆ, ಮೈ ಬಾಗಿಸಿ ತಿರುಚಿ ತೋರಿಸುವ ಬಾಲಾದ್ಭುತವೆಂದು ನಿಲ್ಲಿಸಲಾಯಿತು. ಅಕ್ಷರಾಭ್ಯಾಸವಾಗಬೇಕಾದ ವಯಸ್ಸಿನಲ್ಲಿ ಆತನಿಗೆ ಆದದ್ದು ಹೊಟ್ಟೆಪಾಡಿನ ಅಭ್ಯಾಸ. ತಾಯಿಯು ಮರುವಿವಾಹವಾದ ಗೃಹಸ್ಥನೂ ನಟನೇ. ರಂಗಕ್ಕಾಗಿ ಆತನು ಧರಿಸಿದ್ದ ಲೀನೋ ಎಂಬ ಹೆಸರೇ ಹುಡುಗನಿಗೂ ಬಂದಿತು. ಐರ್ಲೆಂಡಿನಲ್ಲಿಯೂ ಉತ್ತರ ಇಂಗ್ಲೆಂಡಿನಲ್ಲಿಯೂ ಊರೂರು ಅಲೆಯುತ್ತ, ಬಾಡಿಗೆಯ ಕೋಣೆಗಳಲ್ಲಿ ಇರುಳು ಕಳೆಯುತ್ತ ಈ ಕುಟುಂಬವು ಬಾಳಿತು. ಬಾಡಿಗೆ ಕೇಳುವ ಮನೆಯೊಡತಿ, ಬಾಗಿಲಲ್ಲಿ ನಿಂತು ಹರಟುವ ನೆರೆಯವಳು, ಸಾಲಕ್ಕೆ ಅಂಜುವ ಗಂಡ, ಇವರೆಲ್ಲರನ್ನೂ ಬಾಲಕನು ಕಂಡದ್ದು ಆಗಲೇ. ಮುಂದೆ ಆತನು ರಂಗದ ಮೇಲೆ ಖರ್ಚುಮಾಡಿದ ಬಂಡವಾಳವೆಲ್ಲ ಈ ದಾರಿದ್ರ್ಯದಲ್ಲಿ ಸಂಗ್ರಹವಾದದ್ದು.

ಮೊದಲು ಆತನಿಗೆ ಹೆಸರು ತಂದುಕೊಟ್ಟದ್ದು ಹಾಸ್ಯವಲ್ಲ, ನೃತ್ಯ. ಉತ್ತರ ಇಂಗ್ಲೆಂಡಿನ ಬಟ್ಟೆಗಿರಣಿಗಳ ಕೂಲಿಕಾರರು ಮರದ ಅಟ್ಟೆಯ ಪಾದರಕ್ಷೆಗಳನ್ನು ಮೆಟ್ಟುತ್ತಿದ್ದರು. ಆ ಮೆಟ್ಟುಗಳಿಂದ ಹಲಗೆಯ ಮೇಲೆ ತಾಳ ಹಾಕಿ ಕುಣಿಯುವುದು ಅಲ್ಲಿನ ಜನರ ಪ್ರಿಯವಾದ ವಿನೋದ. ಅದರ ಪಂದ್ಯಗಳಲ್ಲಿ ತಾಳದ ಶುದ್ಧಿಯನ್ನು ಕಿವಿಯಿಂದಲೇ ನಿರ್ಣಯಿಸುವುದಕ್ಕಾಗಿ ತೀರ್ಪುಗಾರರು ಕೆಲವೊಮ್ಮೆ ರಂಗದ ಕೆಳಗೆ ಕುಳಿತುಕೊಳ್ಳುತ್ತಿದ್ದುದೂ ಉಂಟು. ೧೮೮೦ರಲ್ಲಿ ಲೀಡ್ಸ್ ನಗರದಲ್ಲಿ ನಡೆದ ಇಂತಹ ಪಂದ್ಯವೊಂದರಲ್ಲಿ ಲೀನೋ ಜಗತ್ತಿನ ಅಗ್ರಗಣ್ಯನೆಂಬ ಬಿರುದನ್ನೂ ಬೆಳ್ಳಿಬಂಗಾರದ ಪಟ್ಟಿಯನ್ನೂ ಗೆದ್ದನು. ೧೮೮೪ರಲ್ಲಿ ಲಿಡಿಯಾ ಎಂಬ ಗಾಯಕಿಯನ್ನು ವರಿಸಿದನು. ಮರುವರ್ಷ ಲಂಡನ್ನಿಗೆ ಹಿಂದಿರುಗಿ ನಗರದ ಪೂರ್ವಭಾಗದ ಫಾರೆಸ್ಟರ್ಸ್ ಎಂಬ ವಿನೋದಶಾಲೆಯಲ್ಲಿ ವಾರಕ್ಕೆ ೫ ಪೌಂಡುಗಳ ಸಂಬಳಕ್ಕೆ ನಿಂತನು. ಆತನು ನೆಚ್ಚಿದ್ದುದು ನೃತ್ಯವನ್ನು. ಲಂಡನ್ನಿನ ಜನರು ಮೆಚ್ಚಿದ್ದು, ಅವಳಿಮಕ್ಕಳಿಗೆ ಹಾಲು ತರಲು ಹೊರಟ ಬಡತಾಯಿಯ ವೇಷದಲ್ಲಿ ಆತನು ಹಾಡಿದ ಹಾಸ್ಯದ ಹಾಡನ್ನು.

ಇಲ್ಲಿ ಮ್ಯೂಸಿಕ್ ಹಾಲ್ ಎಂಬ ಆ ವಿನೋದಶಾಲೆಗಳ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳುವುದು ಅವಶ್ಯ. ಅವು ಪಾನಗೃಹಗಳಿಂದ ಹುಟ್ಟಿ ಬೆಳೆದವು. ದಿನವೆಲ್ಲ ದುಡಿದ ಜನರು ಕೆಲವು ಪೆನ್ನಿಗಳನ್ನು ಕೊಟ್ಟು ಸಂಜೆ ಅಲ್ಲಿ ಸೇರುತ್ತಿದ್ದರು. ಒಬ್ಬ ನಟನಿಗೆ ದೊರೆಯುತ್ತಿದ್ದ ಕಾಲಾವಕಾಶ ಕೆಲವೇ ನಿಮಿಷಗಳು. ಮೆಚ್ಚದಿದ್ದರೆ ಪ್ರೇಕ್ಷಕರು ಕೂಗಿ ಇಳಿಸಿಬಿಡುತ್ತಿದ್ದರು. ಇಂತಹ ಸಭೆಯ ಮುಂದೆ ಲೀನೋ ಹಾಡಿನ ಒಂದೆರಡು ನುಡಿಗಳನ್ನು ಹಾಡಿ, ಅಷ್ಟಕ್ಕೇ ನಿಲ್ಲಿಸಿ, ಎದುರಿಗಿರುವ ಸ್ನೇಹಿತರೊಡನೆ ಮನೆಯ ಕಷ್ಟವನ್ನು ತೋಡಿಕೊಳ್ಳುವವನಂತೆ ಮಾತಿಗಾರಂಭಿಸುತ್ತಿದ್ದನು. ಗಿರಾಕಿಯನ್ನು ಬಿಡಲೊಲ್ಲದ ಜವಳಿ ಅಂಗಡಿಯ ನೌಕರ, ಲಂಡನ್ನಿನ ಪುರಾತನ ದುರ್ಗವನ್ನು ತೋರಿಸಬೇಕಾಗಿರುವಲ್ಲಿ ಅಲ್ಲಿನ ಉಪಾಹಾರಶಾಲೆಯ ಮಹಿಮೆಯನ್ನೇ ವರ್ಣಿಸುವ ಕಾವಲುಗಾರ, ರೈಲಿನ ಗಾರ್ಡು, ಈಜು ಕಲಿಸುವ ಉಪಾಧ್ಯಾಯ, ನೆರೆಯ ಕೆಲ್ಲಿಯಮ್ಮನ ಸಮಾಚಾರವನ್ನು ಎಷ್ಟು ಹೇಳಿದರೂ ಮುಗಿಸದ ಗೃಹಿಣಿ, ಇವರೇ ಆತನ ಪಾತ್ರಗಳು. ನಮ್ಮ ಸಂಸ್ಕೃತ ನಾಟಕಗಳ ವಿದೂಷಕನಿಗೆ ರಾಜನ ಆಸರೆಯುಂಟು. ಲೀನೋನ ಮನುಷ್ಯರಿಗೆ ಯಾರ ಆಸರೆಯೂ ಇಲ್ಲ. ಸೋಲು ಅವರಿಗೆ ನಿತ್ಯದ ಪಾಡು. ಆದರೂ ನಾಳೆ ಎಲ್ಲವೂ ಸರಿಹೋದೀತೆಂಬ ನಂಬಿಕೆಯನ್ನು ಅವರು ಬಿಡುವುದಿಲ್ಲ. ಪ್ರೇಕ್ಷಕರು ನಕ್ಕಿದ್ದು ಬೇರೆಯವರನ್ನು ಕಂಡಲ್ಲ. ತಮ್ಮ ಮನೆಯ ಗೋಳನ್ನೇ ರಂಗದ ಮೇಲೆ ಕಂಡು ನಕ್ಕರು. ನಕ್ಕಮೇಲೆ ಆ ಗೋಳಿನ ಭಾರವು ಸ್ವಲ್ಪ ಕಡಿಮೆಯಾದಂತೆ ಅವರಿಗೆ ತೋರಿತು.

ಲೀನೋನ ಕೀರ್ತಿಯನ್ನು ಶಿಖರಕ್ಕೇರಿಸಿದ್ದು ಡ್ರೂರಿ ಲೇನಿನ ರಾಜನಾಟಕಶಾಲೆ. ಕ್ರಿಸ್ಮಸ್ ಹಬ್ಬದಲ್ಲಿ ಮಕ್ಕಳ ಕಥೆಗಳನ್ನು ಆಧರಿಸಿ ಪ್ಯಾಂಟೊಮೈಮ್ ಎಂಬ ಹಾಡುಕುಣಿತಗಳ ನಾಟಕವನ್ನಾಡುವುದು ಆಂಗ್ಲರ ಸಂಪ್ರದಾಯ. ಅದರಲ್ಲಿ ಮುದುಕಿಯ ಪಾತ್ರವನ್ನು ಗಂಡಸೇ ವಹಿಸುತ್ತಾನೆ. ಗಂಡಸರು ಸ್ತ್ರೀವೇಷ ಧರಿಸುವುದು ನಮ್ಮ ವಾಚಕರಿಗೆ ಹೊಸದೇನಲ್ಲ. ಆದರೆ ನಮ್ಮ ನಟರು ಗಂಡಸುತನವನ್ನು ಮರೆಸಲು ಶ್ರಮಿಸಿದರೆ, ಅಲ್ಲಿ ಅದು ಮರೆಯಾಗದಿರುವುದೇ ನಗೆಯ ಮೂಲ. ೧೮೮೬ರಲ್ಲಿ ಸರ್ರೆ ನಾಟಕಶಾಲೆಯಲ್ಲಿ ಇಂತಹ ಪಾತ್ರದಿಂದ ಹೆಸರು ಪಡೆದ ಲೀನೋನನ್ನು ಆಗಸ್ಟಸ್ ಹ್ಯಾರಿಸ್ ಎಂಬ ಮೇನೇಜರನು ೧೮೮೮ರಲ್ಲಿ ಡ್ರೂರಿ ಲೇನಿಗೆ ಕರೆತಂದನು. ಅಂದಿನಿಂದ ೧೯೦೪ರ ವರೆಗೆ ಆತನಿಲ್ಲದೆ ಅಲ್ಲಿ ಕ್ರಿಸ್ಮಸ್ ನಡೆಯಲಿಲ್ಲ. ಎತ್ತರವಾಗಿಯೂ ಅತಿಸ್ಥೂಲನಾಗಿಯೂ ಇದ್ದ ಹರ್ಬರ್ಟ್ ಕ್ಯಾಂಪ್‌ಬೆಲ್ ಆತನ ಜೊತೆಗಾರ. ಆ ಪರ್ವತಕಾಯನ ಪಕ್ಕದಲ್ಲಿ ಕೃಶನೂ ಕುಳ್ಳನೂ ಆದ ಲೀನೋ ಬಂದು ನಿಂತರೆ, ಮಾತು ಹೊರಡುವ ಮೊದಲೇ ಸಭೆಯೆಲ್ಲ ನಗುತ್ತಿದ್ದಿತು. ೧೯೦೨ರಲ್ಲಿ ಆತನಿಗೆಂದೇ ರಚಿತವಾದ ಮದರ್ ಗೂಸ್ ಎಂಬ ನಾಟಕದಲ್ಲಿ, ಬಂಗಾರದ ಮೊಟ್ಟೆಯಿಡುವ ಬಾತಿನಿಂದ ಸಿರಿವಂತಳಾಗಿ, ಸಿರಿಯೂ ಸಾಲದೆ ಚೆಲುವನ್ನು ಬಯಸಿದ ಬಡಮುದುಕಿಯನ್ನು ಆತನು ಅಭಿನಯಿಸಿದನು. ಆ ಪಾತ್ರವು ಇಂದಿಗೂ ಆಂಗ್ಲ ರಂಗಭೂಮಿಯಲ್ಲಿ ಬಾಳಿದೆ.

ಕೀರ್ತಿಯೊಡನೆ ಸಂಪತ್ತೂ ಮಾನ್ಯತೆಯೂ ಬಂದುವು. ೧೮೯೮ರಲ್ಲಿ ಆತನ ಹೆಸರನ್ನೇ ಇಟ್ಟು ವಿನೋದಪತ್ರಿಕೆಯೊಂದು ಹೊರಟಿತು. ೧೯೦೧ನೆಯ ನವೆಂಬರಿನಲ್ಲಿ ಏಳನೆಯ ಎಡ್ವರ್ಡ್ ದೊರೆಯು ಸ್ಯಾಂಡ್ರಿಂಗ್‌ಹ್ಯಾಮ್ ಅರಮನೆಗೆ ಆತನನ್ನು ಬರಮಾಡಿಕೊಂಡು, ರಾಜಚಿಹ್ನೆಯುಳ್ಳ ರತ್ನದ ಪಿನ್ನೊಂದನ್ನು ಕೊಟ್ಟು ಸನ್ಮಾನಿಸಿದನು. ಅಂದಿನಿಂದ ಜನರು ಆತನನ್ನು ರಾಜವಿದೂಷಕನೆಂದು ಕರೆಯತೊಡಗಿದರು. ಪಡೆದ ಹಣವನ್ನು ಆತನು ಮುಷ್ಟಿಯಲ್ಲಿ ಹಿಡಿದವನಲ್ಲ. ಕೆಲಸವಿಲ್ಲದೆ ಬಳಲುವ ವಿನೋದಗಾರರ ಸಹಾಯಕ್ಕೆಂದು ಇದ್ದ ನಿಧಿಯ ಅಧ್ಯಕ್ಷನಾಗಿ ದುಡಿದನು. ಧರ್ಮಾರ್ಥವಾಗಿ ಸಹನಟರನ್ನು ಕೂಡಿಸಿಕೊಂಡು ಕ್ರಿಕೆಟ್ ಪಂದ್ಯಗಳನ್ನಾಡಿ ಹಣ ಕೂಡಿಸಿದನು. ಹಸಿವನ್ನು ಬಲ್ಲವನಿಗೆ ಹಸಿದವರ ಗುರುತು ಸಿಕ್ಕುವುದು ಸಹಜ.

ಆದರೆ ಈ ಕೀರ್ತಿಯ ಬೆಲೆಯನ್ನು ಕೊಟ್ಟವರು ಯಾರು? ಒಂದೇ ಸಂಜೆಯಲ್ಲಿ ಎರಡು ಮೂರು ವಿನೋದಶಾಲೆಗಳಲ್ಲಿ ಆಡಿ, ಒಂದರಿಂದ ಇನ್ನೊಂದಕ್ಕೆ ಕುದುರೆಗಾಡಿಯಲ್ಲಿ ಧಾವಿಸುವುದು ಆತನ ದಿನಚರಿಯಾಗಿದ್ದಿತು. ಮೂರು ವರ್ಷ ಮುಗಿದಾಗಿನಿಂದ ನಡೆದ ದುಡಿಮೆಗೆ ಬಿಡುವೆಂಬುದೇ ಇರಲಿಲ್ಲ. ಕಿವಿ ಮಂದವಾಗುತ್ತ ಬಂದಿತು. ದಣಿವನ್ನು ಮರೆಯಲು ಮದ್ಯವನ್ನು ಆಶ್ರಯಿಸಿದ್ದು ದಣಿವನ್ನು ಇಮ್ಮಡಿಸಿತು. ಜನರನ್ನು ನಗಿಸಿ ಸಾಕಾಗಿ, ಷೇಕ್ಸ್‌ಪಿಯರನ ಗಂಭೀರಪಾತ್ರಗಳನ್ನು ಅಭಿನಯಿಸಬೇಕೆಂಬ ಹಂಬಲವು ಆತನನ್ನು ಹಿಡಿಯಿತು. ಬರುಬರುತ್ತ ಅದು ಚಿತ್ತವಿಕಾರಕ್ಕೆ ತಿರುಗಿತು. ೧೯೦೩ರಲ್ಲಿ ಆತನನ್ನು ಕ್ಯಾಂಬರ್‌ವೆಲ್ಲಿನ ಮನೋರೋಗಿಗಳ ಆಶ್ರಯಗೃಹದಲ್ಲಿ ಇರಿಸಬೇಕಾಯಿತು. ಹುಚ್ಚು ಎಂಬ ಮಾತು ಆ ಕಾಲದಲ್ಲಿ ಮನುಷ್ಯನನ್ನು ಬದುಕಿರುವಾಗಲೇ ಸಮಾಧಿ ಮಾಡುತ್ತಿದ್ದಿತು. ನಾಟಕಶಾಲೆಗೆ ಈತನು ಮರಳಿಬರಲಾರನೆಂದು ಎಣಿಸಿದವರೇ ಬಹಳ.

ಆದರೂ ಆತನು ಮರಳಿದನು. ಅದೇ ವರ್ಷದ ಕ್ರಿಸ್ಮಸ್ಸಿಗೆ ಡ್ರೂರಿ ಲೇನಿನ ರಂಗದ ಮೇಲೆ ಕಾಣಿಸಿಕೊಂಡಾಗ, ಪ್ರೇಕ್ಷಕರು ಎದ್ದುನಿಂತು ಬಹುಹೊತ್ತು ಜಯಘೋಷ ಮಾಡಿದರು. ಆತನು ಎಲ್ಲಿಗೆ ಹೋಗಿದ್ದನೆಂಬುದು ಅವರಿಗೆ ತಿಳಿದೇ ಇದ್ದಿತು. ತಿಳಿದೂ ತಿರಸ್ಕರಿಸದೆ ಬರಮಾಡಿಕೊಂಡದ್ದು ಆ ಜನರಿಗೆ ಭೂಷಣ. ಆದರೆ ವಿಶ್ರಾಂತಿ ಬೇಕಾಗಿದ್ದ ದೇಹವನ್ನು ಆ ಜಯಘೋಷವು ಪುನಃ ನೊಗಕ್ಕೆ ಕಟ್ಟಿತೆಂಬುದೂ ಅಷ್ಟೇ ನಿಜ. ೧೯೦೪ನೆಯ ಜುಲೈ ತಿಂಗಳಿನಲ್ಲಿ ಅಪಘಾತವೊಂದರ ಪರಿಣಾಮವಾಗಿ ಕ್ಯಾಂಪ್‌ಬೆಲ್ ಮೃತನಾದನು. ಜೊತೆಯ ಎತ್ತು ಬಿದ್ದಮೇಲೆ ಉಳಿದ ಎತ್ತಿಗೆ ನೇಗಿಲು ಎಳೆಯುವ ಕಸುವು ಉಳಿಯಲಿಲ್ಲ. ಅಕ್ಟೋಬರಿನಲ್ಲಿ ಕೊನೆಯ ಬಾರಿ ರಂಗವನ್ನೇರಿದಾಗ ಹಾಡಿನ ಮಾತುಗಳು ನೆನಪಿಗೆ ಬರದೆ ಆತನು ತೊಳಲಿದನು. ಅದಾದ ಕೆಲವೇ ದಿನಗಳಲ್ಲಿ, ಅದೇ ತಿಂಗಳಿನ ೩೧ರಂದು, ಲಂಡನ್ನಿನ ತನ್ನ ಮನೆಯಲ್ಲಿ ಪ್ರಾಣಬಿಟ್ಟನು. ಆ ವರ್ಷದ ಕ್ರಿಸ್ಮಸ್ಸಿನಲ್ಲಿ ಡ್ರೂರಿ ಲೇನಿನ ರಂಗದ ಮೇಲೆ ಇಬ್ಬರು ಸ್ನೇಹಿತರಲ್ಲಿ ಒಬ್ಬನೂ ಇರಲಿಲ್ಲ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಪರಿಚಯವಿಲ್ಲದವನಿಗಾಗಿ ಅಷ್ಟು ಜನರು ಏಕೆ ಅತ್ತರು? ಪರಿಚಯವಿಲ್ಲವೆಂಬುದೇ ತಪ್ಪು. ಅವರು ಆತನನ್ನು ಅರಿಯದಿದ್ದರೂ ಆತನು ಅವರನ್ನು ಅರಿತಿದ್ದನು. ಕಾವ್ಯಗಳು ಅವರ ಬಾಳನ್ನು ವರ್ಣಿಸಲಿಲ್ಲ. ಇತಿಹಾಸಕಾರರು ಅವರ ಹೆಸರನ್ನು ಬರೆಯಲಿಲ್ಲ. ಒಬ್ಬ ಹಾಸ್ಯಗಾರನು ಮಾತ್ರ ಅವರ ಬಾಡಿಗೆ, ಸಾಲ, ಒಲೆ, ತೊಟ್ಟಿಲುಗಳನ್ನು ದೀಪಗಳ ಬೆಳಕಿನಲ್ಲಿರಿಸಿ, ನಿಮ್ಮ ಬಾಳೂ ನೋಡತಕ್ಕದ್ದೆಂದು ತೋರಿಸಿದನು. ದೊರೆಯ ಮುಂದೆ ಆತನು ಆಡಿದ್ದು ಒಂದು ಸಂಜೆ. ಈ ಜನರ ಮುಂದೆ ಆಡಿದ್ದು ಇಡೀ ಆಯುಷ್ಯ. ರಾಜವಿದೂಷಕನೆಂಬ ಬಿರುದು ಸಾಧುವಾದದ್ದೇ ಆದರೂ, ಆತನು ಮೊದಲು ಪ್ರಜೆಗಳ ವಿದೂಷಕನು. ಬೀದಿಯಲ್ಲಿ ನಿಂತವರು ತಮ್ಮ ಸಾಲವನ್ನು ಒಪ್ಪಿಕೊಳ್ಳಲು ಬಂದವರಾಗಿದ್ದರು.

ಆದರೆ ಸಾಲವನ್ನು ಒಪ್ಪಿಕೊಳ್ಳುವುದು ಬೇರೆ, ತೀರಿಸುವುದು ಬೇರೆ. ನಗಿಸುವವನಿಗೆ ದಣಿವಿಲ್ಲವೆಂದು ಜನರು ಭಾವಿಸುತ್ತಾರೆ. ನಗು ಅಗ್ಗವೆಂದೂ ಅದನ್ನು ಮಾಡುವುದು ಸುಲಭವೆಂದೂ ಎಣಿಸುತ್ತಾರೆ. ಇನ್ನೊಮ್ಮೆ ಎಂದು ಚಪ್ಪಾಳೆ ತಟ್ಟುವ ಪ್ರತಿಯೊಂದು ಕೈಯೂ ನಟನಿಂದ ಇನ್ನಷ್ಟು ಉಸಿರನ್ನು ಬೇಡುತ್ತದೆ. ಲೀನೋನನ್ನು ಪ್ರೀತಿಸಿದ ಲಂಡನ್ನಿನ ಜನರಲ್ಲಿ ಕ್ರೌರ್ಯವಿರಲಿಲ್ಲ. ಆದರೆ ಸಾಕು, ಮನೆಗೆ ಹೋಗಿ ಮಲಗು ಎಂದು ಹೇಳುವ ವಿವೇಕವೂ ಆ ಪ್ರೀತಿಯಲ್ಲಿರಲಿಲ್ಲ. ಈ ದೋಷವು ಆ ನಗರಕ್ಕೂ ಆ ಕಾಲಕ್ಕೂ ಮಾತ್ರ ಸೇರಿದ್ದಲ್ಲ. ಕಲಾವಿದನು ಬಿದ್ದಮೇಲೆ ಹೂಮಾಲೆ ಹಾಕುವುದಕ್ಕಿಂತ, ನಿಂತಿರುವಾಗ ಅವನಿಗೊಂದು ಕುರ್ಚಿಯನ್ನು ಕೊಡುವುದು ಹೆಚ್ಚಿನ ಗೌರವ.

ಲ್ಯಾಂಬೆತ್ತಿನ ಏಕರ್‌ಮನ್ ರಸ್ತೆಯಲ್ಲಿ ಲೀನೋ ಕೆಲವು ವರ್ಷ ವಾಸವಾಗಿದ್ದ ಮನೆಗೆ ೧೯೬೨ರಲ್ಲಿ ಸ್ಮಾರಕಫಲಕವನ್ನು ಹಾಕಲಾಯಿತು. ೧೯೦೧ರಿಂದ ೧೯೦೩ರ ವರೆಗೆ ಗ್ರಾಮಫೋನ್ ತಟ್ಟೆಗಳಿಗೆ ಆತನು ಹಾಡಿದ ಸುಮಾರು ೩೦ ಹಾಡುಗಳೂ ಉಳಿದಿವೆ. ಆ ತಟ್ಟೆಗಳಲ್ಲಿ ಧ್ವನಿಯಿದೆ, ಮುಖವಿಲ್ಲ. ಹಾಸ್ಯವಿದೆ, ಅದಕ್ಕೆ ಉತ್ತರವಾಗಿ ಎದ್ದ ಸಭೆಯ ನಗುವಿಲ್ಲ. ಆತುರಾತುರವಾಗಿ ಮಾತನಾಡುವ ಆ ಒಡಕುಧ್ವನಿಯನ್ನು ಕೇಳಿದವರಿಗೆ ಒಂದು ಸಂಗತಿಯು ಮಾತ್ರ ಸ್ಪಷ್ಟವಾಗುತ್ತದೆ: ಈ ಮನುಷ್ಯನು ತನ್ನ ಎದುರಿಗಿದ್ದವರನ್ನು ಒಂದು ನಿಮಿಷವೂ ಕೀಳಾಗಿ ಕಂಡವನಲ್ಲ.