ಗುಬ್ಬಿ ವೀರಣ್ಣ: ವೈಭವ, ಮಿತವ್ಯಯ ಮತ್ತು ರಂಗಪರದೆ

ಕನ್ನಡ ವೃತ್ತಿರಂಗಭೂಮಿಯ ಚರಿತ್ರೆಯಲ್ಲಿ ಗುಬ್ಬಿ ವೀರಣ್ಣನವರ (1891–1972) ಹೆಸರು ವೈಭವದೊಡನೆ ಬೆಸೆದುಕೊಂಡಿದೆ. ಆ ವೈಭವದ ಬೆನ್ನಿಗಿದ್ದ ಮಿತವ್ಯಯದ ಕಡೆಗೆ ಹರಿದ ಗಮನ ಕಡಿಮೆ. ಚಿತ್ರಿತ ಪರದೆಗಳ ನೆಲೆಯಿಂದ ನೋಡಿದಾಗ ಅವರ ವೃತ್ತಿಜೀವನದ ಈ ಮುಖ ಸ್ಪಷ್ಟವಾಗುತ್ತದೆ.

ಗುಬ್ಬಿಯಲ್ಲಿ 1884ರಲ್ಲಿ ಚಂದಣ್ಣನವರು ಗೆಳೆಯರೊಡಗೂಡಿ ಕಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ವೀರಣ್ಣನವರು ಬಾಲ್ಯದಲ್ಲಿಯೇ ಸೇರಿದರು. ಬಾಲನಟರಾಗಿ, ಹಾಸ್ಯನಟರಾಗಿ ಬೆಳೆದು, 1917ರಲ್ಲಿ ಅದರ ಒಡೆತನ ವಹಿಸಿಕೊಂಡರು. ಊರಿಂದೂರಿಗೆ ಸಾಗುವ ಕಂಪನಿಗೆ ಹೊಲಮನೆಗಳ ಆಸ್ತಿಯಿಲ್ಲ. ನಟವರ್ಗ, ಉಡುಪು, ವಾದ್ಯ ಮತ್ತು ಪರದೆಗಳೇ ಅದರ ಬಂಡವಾಳ.

ಪಾರಸಿ ಮತ್ತು ಮರಾಠಿ ಕಂಪನಿಗಳ ಪ್ರಭಾವದಿಂದ ಇಲ್ಲಿ ನೆಲೆಯೂರಿದ ಈ ಪರದೆಗಳ ತಯಾರಿಕೆ ಶ್ರಮಸಾಧ್ಯವಾದುದು. ಹತ್ತಿಬಟ್ಟೆಯ ಪಟ್ಟಿಗಳನ್ನು ಜೋಡಿಸಿ ಹೊಲಿದು, ಅಂಟು ಮತ್ತು ಸೀಮೆಸುಣ್ಣದ ಲೇಪ ಕೊಟ್ಟು, ಅಂಟಿನಲ್ಲಿ ಕಲಸಿದ ಬಣ್ಣದಿಂದ ಚಿತ್ರಿಸಲಾಗುತ್ತಿತ್ತು. ನೀರು ತಗುಲಿದರೆ ಬಣ್ಣ ಕರಗುತ್ತದೆ. ಮಡಿಸಿದರೆ ಗೆರೆಯುದ್ದಕ್ಕೂ ಉದುರುತ್ತದೆ. ಆದ್ದರಿಂದಲೇ ಪರದೆಯನ್ನು ಮಡಿಸದೆ ಗಳುವಿಗೆ ಸುತ್ತಿಡುವ ರೂಢಿ ಬಂದಿತು. ಹರಿದೆಡೆಗೆ ಹಿಂಬದಿಯಿಂದ ತೇಪೆ ಹಾಕಿ, ಮಾಸಿದೆಡೆಗೆ ಬಣ್ಣ ಕೂಡಿಸಿ ಮತ್ತೆ ಬಳಸುವುದು ಹೊಸ ಪರದೆ ಬರೆಸುವುದಕ್ಕಿಂತ ಅಗ್ಗವಾಗಿತ್ತು.

ಅರಮನೆ, ಬೀದಿ, ಕಾಡು, ಉದ್ಯಾನ ಎಂಬ ಸಾಮಾನ್ಯ ವರ್ಗೀಕರಣವೂ ಮಿತವ್ಯಯದ ಫಲವೇ. ಒಂದೇ ದರ್ಬಾರು ಪರದೆ ಇಂದು ಅಯೋಧ್ಯೆ, ನಾಳೆ ಹಸ್ತಿನಾವತಿ. ಸ್ಥಳದ ವಿಶಿಷ್ಟತೆಯನ್ನು ಕಟ್ಟಿಕೊಡುವ ಹೊಣೆ ಮಾತು ಮತ್ತು ಹಾಡುಗಳ ಮೇಲೆ ಬೀಳುತ್ತಿತ್ತು. 1934ರ 'ಕುರುಕ್ಷೇತ್ರ'ದಲ್ಲಿ ವೀರಣ್ಣನವರು ಜೀವಂತ ಆನೆ-ಕುದುರೆಗಳನ್ನು ರಂಗಕ್ಕೆ ತಂದುದನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಚಿತ್ರಿತ ಬಟ್ಟೆ ಸೂಚಿಸಬಲ್ಲುದರ ಎಲ್ಲೆಯನ್ನು ಅವರು ಅಲ್ಲಿ ದಾಟಿದರು. ವಾಕ್ಚಿತ್ರಗಳು ಬಂದ ಮೇಲೆ ಆ ಮಾಧ್ಯಮಕ್ಕೂ ಕೈಹಾಕಿದ ಅವರು 1935ರ 'ಸದಾರಮೆ'ಯಲ್ಲಿ ನಟಿಸಿದರು. 1954ರ 'ಬೇಡರ ಕಣ್ಣಪ್ಪ' ಅವರ ನಿರ್ಮಾಣಸಂಸ್ಥೆಯಿಂದ ಬಂದಿತು. ಆದರೂ ಕಂಪನಿಯನ್ನು ಕೈಬಿಡಲಿಲ್ಲ. ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಿ.ವಿ. ಕಾರಂತರಂಥವರು ಅದರ ಗರಡಿಯಲ್ಲಿ ಪಳಗಿದವರು. 1972ರಲ್ಲಿ ಪದ್ಮಶ್ರೀ ಪಡೆದ ವೀರಣ್ಣನವರು ಅದೇ ವರ್ಷ ನಿಧನರಾದರು.

ಕಂಪನಿಗಳು ರೂಪಿಸಿದ ಈ ಪರದೆಯ ಪದ್ಧತಿ ಅವುಗಳೊಡನೆ ಅಳಿಯಲಿಲ್ಲ. ಚನ್ನಪಟ್ಟಣದ ದೊಡ್ಡಮಳೂರನ್ನು ಒಳಗೊಂಡ ಬೆಂಗಳೂರು–ಮೈಸೂರು ದಾರಿಯ ಸೀಮೆಯಲ್ಲಿ ರೈತಾಪಿ ಹವ್ಯಾಸಿಗಳು ಪೌರಾಣಿಕ ನಾಟಕಗಳನ್ನು, ವಿಶೇಷವಾಗಿ ಕುರುಕ್ಷೇತ್ರದ ಕಥೆಯನ್ನು, ಬಾಡಿಗೆಯ ಸೀನರಿ ತಂದು ಆಡುವ ಪರಂಪರೆ ಬೆಳೆಯಿತು. ಒಂದು ರಾತ್ರಿಯ ಆಟಕ್ಕೆ ಪರದೆಗಳನ್ನು ಸ್ವಂತವಾಗಿ ಬರೆಸುವುದು ಊರಿನ ಚಂದಾಹಣಕ್ಕೆ ಮೀರಿದ್ದು. ಒಂದೇ ಪರದೆ ಹಲವು ಊರುಗಳನ್ನು ಸುತ್ತುವುದರಿಂದ ಆಟ ಸಾಧ್ಯವಾಗುತ್ತದೆ.

ಈ ಮಿತವ್ಯಯಕ್ಕೆ ತೆತ್ತ ಬೆಲೆಯೂ ಇದೆ. ಹಳೆಯ ಚಿತ್ರದ ಮೇಲೆ ಹೊಸ ಚಿತ್ರ ಬರೆದಾಗ ಬಟ್ಟೆ ಉಳಿಯಿತು, ಮೊದಲ ಕಲಾವಿದನ ಕೆಲಸ ಅಳಿಯಿತು. ರಂಗಭೂಮಿಯನ್ನು ಬದುಕಿಸಿದ ಮರುಬಳಕೆಯೇ ಅದರ ದೃಶ್ಯಚರಿತ್ರೆಯನ್ನು ಮರೆಮಾಡಿತು. ನಾಟಕದ ಪಠ್ಯ, ರಂಗಗೀತೆಗಳು ಸಂಗ್ರಹಕ್ಕೆ ಅರ್ಹವೆನಿಸಿದವು. ಪರದೆ ಸವೆಯುವ ಸಾಮಾನೆಂದೇ ಎಣಿಸಲ್ಪಟ್ಟಿತು. ಆದಕಾರಣ ತೇಪೆ ಹಾಕಿದ ಪರದೆಯನ್ನೂ ವೀರಣ್ಣನವರ ಕಾಲದ ರಂಗಭೂಮಿಯ ಆಕರವೆಂದು ಓದಬೇಕಾಗುತ್ತದೆ. ಅದನ್ನು ಹೊಸದಾಗಿ ಕಾಣುವಂತೆ ಮಾಡುವ ಮುನ್ನ, ಅದರ ಪದರುಗಳನ್ನು ದಾಖಲಿಸುವುದು ಅಗತ್ಯ.