ವ್ಯಾಯಾಮಾಚಾರ್ಯ ಬಿಷ್ಣು ಚರಣ ಘೋಷರು

ಕಲ್ಕತ್ತೆಯ ಗರ್‌ಪಾರ್ ರಸ್ತೆಯಲ್ಲಿ ಪರಮಹಂಸ ಯೋಗಾನಂದರ ಪೂರ್ವಾಶ್ರಮದ ಮನೆಯಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅದೇ ಮನೆಯಲ್ಲಿ ಬೆಳೆದ ಅವರ ಕಿರಿಯ ಸೋದರ ಬಿಷ್ಣು ಚರಣ ಘೋಷರನ್ನು ನಮ್ಮ ಹೋಟೆಲು ಬಾಂಧವರೂ ಗುಮಾಸ್ತ ಬಾಂಧವರೂ ಸ್ಮರಿಸಲು ವಿಶೇಷ ಕಾರಣವುಂಟು. ದಿನವಿಡೀ ನಿಂತೋ ಬಾಗಿ ಕುಳಿತೋ ದುಡಿಯುವವರಿಗೆ ಅವಶ್ಯವಾದ ವಿದ್ಯೆಯನ್ನು ಅವರು ಜೀವಮಾನ ಪರ್ಯಂತ ಬೋಧಿಸಿದರು.

ಘೋಷರು 1903ರಲ್ಲಿ ಲಾಹೋರಿನಲ್ಲಿ ಜನಿಸಿದರು. ತಂದೆ ಭಗವತೀ ಚರಣರು ರೈಲ್ವೆಯ ಅಧಿಕಾರಿಗಳು. ಹಸುಗೂಸಾಗಿರುವಾಗಲೇ ಮಾತೃವಿಯೋಗವಾಯಿತು. ಮುಂದೆ ಅಣ್ಣನವರು ರಾಂಚಿಯಲ್ಲಿ ನಡೆಸುತ್ತಿದ್ದ ವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, 1923ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಕಲ್ಕತ್ತೆಯಲ್ಲಿ ವ್ಯಾಯಾಮ ವಿದ್ಯಾಲಯವನ್ನು ಸ್ಥಾಪಿಸಿದರು. 1930ರಲ್ಲಿ ಸ್ನಾಯು ನಿಯಂತ್ರಣವನ್ನು ಕುರಿತು ಸಹಲೇಖಕರೊಡನೆ ಗ್ರಂಥವೊಂದನ್ನು ಪ್ರಕಟಿಸಿದರು. ಅವರ ಶಿಷ್ಯ ಮನತೋಷ್ ರಾಯರು 1951ರಲ್ಲಿ ಲಂಡನ್ನಿನ ವಿಶ್ವಶ್ರೀ ಸ್ಪರ್ಧೆಯ ತಮ್ಮ ವಿಭಾಗದಲ್ಲಿ ಜಯಶಾಲಿಯಾದರು.

ಆದರೆ ಘೋಷರ ವಿದ್ಯೆಯು ಬರಿಯ ಬಲಪ್ರದರ್ಶನವಾಗಿರಲಿಲ್ಲ. ಸ್ನಾಯುವನ್ನು ಬಿಗಿಯುವುದರೊಡನೆ ಸಡಿಲಿಸುವುದನ್ನೂ ಕಲಿಯಬೇಕೆಂಬುದು ಅದರ ತಿರುಳು. ನೋವೆಂದು ಬಂದವರಿಗೆ ಅವರವರ ದೇಹಸ್ಥಿತಿಗೆ ತಕ್ಕ ಆಸನಗಳನ್ನು ಗೊತ್ತುಮಾಡಿಕೊಡುತ್ತಿದ್ದರು. ಅದೇ ಕಾಲದಲ್ಲಿ ನಮ್ಮ ಮೈಸೂರಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಅರಮನೆಯ ಯೋಗಶಾಲೆಯನ್ನು ನಡೆಸುತ್ತ, 1934ರಲ್ಲಿ ಕನ್ನಡದಲ್ಲಿಯೇ ಯೋಗ ಮಕರಂದವನ್ನು ಪ್ರಕಟಿಸಿದರೆಂಬುದು ನಮಗೆ ಹೆಮ್ಮೆಯ ವಿಷಯ. ಘೋಷರು 1970ರ ಜುಲೈ ತಿಂಗಳಿನಲ್ಲಿ ಕಲ್ಕತ್ತೆಯಲ್ಲಿಯೇ ನಿಧನ ಹೊಂದಿದರು.

ಇಂದಿನ ವೈದ್ಯಶಾಸ್ತ್ರವೂ ಅವರ ತಿರುಳಿಗೆ ಸಮೀಪವಾದುದನ್ನೇ ಹೇಳುತ್ತದೆ. ಸೆಟೆದು ನಿಂತ ಮಾತ್ರಕ್ಕೆ ಆರೋಗ್ಯವಿಲ್ಲ. ಎಷ್ಟೇ ಒಳ್ಳೆಯ ಭಂಗಿಯಾದರೂ ಅದರಲ್ಲಿಯೇ ಬಹಳ ಹೊತ್ತು ಉಳಿದರೆ ದೇಹಕ್ಕೆ ಹಾನಿ. ನಡೆಯುವಾಗ ಮೀನಖಂಡದ ಸ್ನಾಯುಗಳು ಕಾಲಿನ ರಕ್ತವನ್ನು ಮೇಲಕ್ಕೆ ಒತ್ತುತ್ತವೆ. ಅಲುಗದೆ ನಿಂತರೆ ರಕ್ತವು ಕೆಳಗೇ ತಂಗಿ ಕಾಲು ಬಾತುಕೊಳ್ಳುವುದು, ನರಗಳು ಉಬ್ಬುವುವು. ಲೆಕ್ಕದ ಪುಸ್ತಕದ ಮೇಲೆ ಬಾಗಿ ಕುಳಿತವರ ಕುತ್ತಿಗೆಗೂ ಸೊಂಟಕ್ಕೂ ಭಾರ ಹೆಚ್ಚುವುದು.

ಈ ವಿಷಯದಲ್ಲಿ ನಾವು ತಪ್ಪಿತಸ್ಥರು. ಹೋಟೆಲು ನಡೆಸುತ್ತಿದ್ದಾಗ ಗಲ್ಲಾಪೆಟ್ಟಿಗೆಯ ಹಿಂದೆ ಒಂದೇ ಮಗ್ಗುಲಿಗೆ ವಾಲಿ ಕುಳಿತು ನಮ್ಮ ಸೊಂಟವನ್ನು ಕೆಡಿಸಿಕೊಂಡೆವು. ಅದು ಹೋಗಲಿ. ನಮ್ಮ ಹುಡುಗರು ರಾತ್ರಿ ಬಾಗಿಲು ಹಾಕಿದ ಮೇಲೆ ಬಾತ ಕಾಲುಗಳನ್ನು ನೀವಿಕೊಳ್ಳುತ್ತಿದ್ದುದನ್ನು ಕಣ್ಣಾರೆ ಕಂಡೂ ಅವರಿಗೆ ಕೂರಲು ಒಂದು ಬೆಂಚು ಹಾಕಿಸಲಿಲ್ಲ. ಅಂದು ಅದಕ್ಕೆ ತಗಲುತ್ತಿದ್ದ ಹಣವೆಷ್ಟೆಂದು ನೆನೆದರೆ ಇಂದು ನಾಚಿಕೆಯಾಗುತ್ತದೆ.

ಆದುದರಿಂದ ನಮ್ಮ ವಿನಂತಿಯಿಷ್ಟು. ನಿಂತು ದುಡಿಯುವವರು ಬಿಡುವಾದಾಗಲೆಲ್ಲ ಹಿಮ್ಮಡಿಯನ್ನು ಹತ್ತಾರು ಬಾರಿ ಎತ್ತಿ ಇಳಿಸಲಿ. ಭಾರವನ್ನು ಮಂಡಿ ಮಡಿಸಿ, ಮೈಗೆ ಸಮೀಪವಾಗಿ ಹಿಡಿದು ಎತ್ತಲಿ. ಗುಮಾಸ್ತರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ. ನೋವು ಬಿಡದಿದ್ದರೆ ವೈದ್ಯರನ್ನು ಕಾಣಲಿ. ಹೋಟೆಲು ಮಾಲೀಕರಾದ ನಮ್ಮ ಹಳೆಯ ಮಿತ್ರರು ನಾವು ಹಾಕಿಸದ ಆ ಬೆಂಚನ್ನು ಹಾಕಿಸಲಿ. ಘೋಷರ ಸ್ಮರಣೆಗೆ ಇದಕ್ಕಿಂತ ಉಚಿತವಾದ ಕಾಣಿಕೆ ಬೇರಿಲ್ಲ.