ಆದರ್ಶ ದೇಹಕ್ಕೆ ಅಳತೆಪಟ್ಟಿ ಯಾವುದು?

ಸಾಗರ, ಹೊಸನಗರ, ತೀರ್ಥಹಳ್ಳಿಗಳ ವ್ಯಾಯಾಮಶಾಲೆಗಳಿಗೆ ಹೋಗುವ ಹುಡುಗರ ಬಾಯಲ್ಲಿ ಈಗ ಒಂದು ಲೆಕ್ಕ ಕೇಳುತ್ತಿರುತ್ತೇನೆ. ಎದೆಯ ಸುತ್ತಳತೆ ಮಣಿಕಟ್ಟಿನ ಆರೂವರೆ ಪಟ್ಟಿರಬೇಕು. ಸೊಂಟ ಎದೆಯ ಶೇ 70ರಷ್ಟಿರಬೇಕು. ಆರೂವರೆ ಇಂಚಿನ ಮಣಿಕಟ್ಟಿನವನಿಗೆ ಇದರಂತೆ 42 ಇಂಚು ಮೀರಿದ ಎದೆ ಬೇಕು. ಅದು ಬಾರದಾಗ ಹುಡುಗ ತನ್ನ ದೇಹವನ್ನೇ ಹಳಿದುಕೊಳ್ಳುತ್ತಾನೆ, ಪುಡಿ, ಇಂಜೆಕ್ಷನ್ನುಗಳ ಮೊರೆ ಹೋಗಲೂ ಹಿಂಜರಿಯುವುದಿಲ್ಲ. ಆಗೆಲ್ಲ ನನಗೆ ಕೆ.ವಿ. ಅಯ್ಯರ್ ನೆನಪಾಗುತ್ತಾರೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಹುಟ್ಟಿದ ಕೋಲಾರ ವೆಂಕಟೇಶ ಅಯ್ಯರ್ ಬೆಳೆದದ್ದು ಜಗತ್ತು ಯೂಜೆನ್ ಸ್ಯಾಂಡೋವಿನ ಮೋಡಿಗೆ ಒಳಗಾಗಿದ್ದ ಕಾಲದಲ್ಲಿ. ಸ್ಯಾಂಡೋ ಪ್ರಾಚೀನ ಗ್ರೀಕ್ ಶಿಲ್ಪಗಳ ಪ್ರಮಾಣವನ್ನೇ ಆದರ್ಶವಾಗಿಟ್ಟುಕೊಂಡವನು. 1901ರಲ್ಲಿ ಲಂಡನ್ನಿನಲ್ಲಿ ಅವನು ನಡೆಸಿದ ದೇಹದಾರ್ಢ್ಯ ಸ್ಪರ್ಧೆಗೆ ತೀರ್ಪುಗಾರರಾಗಿದ್ದವರಲ್ಲಿ ಒಬ್ಬರು ಶಿಲ್ಪಿ. ಅಮೃತಶಿಲೆಯ ಅಳತೆ ಮಾಂಸಖಂಡಕ್ಕೆ ಬಂದದ್ದು ಹೀಗೆ.

ಅಯ್ಯರ್ ಈ ಆದರ್ಶವನ್ನು ದೂರದಿಂದ ನೋಡಿದವರಲ್ಲ. ಶಿಲ್ಪಗಳ ಭಂಗಿಯಲ್ಲಿ ನಿಂತ ಅವರ ಛಾಯಾಚಿತ್ರಗಳು ಹೊರದೇಶದ ಪತ್ರಿಕೆಗಳಲ್ಲೂ ಅಚ್ಚಾದವು. 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’ ಎಂಬ ಇಂಗ್ಲಿಷ್ ಪುಸ್ತಕಗಳನ್ನು ಬರೆದರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿದರು; ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ದೊರೆಯಿತು. ಭಾರ ಎತ್ತುವುದರ ಜೊತೆಗೆ ಆಸನ, ಸೂರ್ಯನಮಸ್ಕಾರಗಳನ್ನೂ ಕಲಿಸಿದರು. ದೂರದ ಶಿಷ್ಯರಿಗೆ ಅಂಚೆಯಲ್ಲೇ ಪಾಠ ಹೋಗುತ್ತಿತ್ತು. ನಾಟಕಕಾರ ಕೈಲಾಸಂ ಅವರ ಒಡನಾಟ ಅವರನ್ನು ಸಾಹಿತ್ಯದತ್ತ ಎಳೆಯಿತು. 1980ರಲ್ಲಿ ತೀರಿಕೊಂಡ ಅವರನ್ನು ಕನ್ನಡಿಗರು ಇಂದು ನೆನೆಯುವುದು ಹೆಚ್ಚಾಗಿ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಗಾಗಿ.

ದೇಹದ ಪರಿಪೂರ್ಣತೆಯನ್ನು ಸಾಧಿಸಿ ತೋರಿದ ಮನುಷ್ಯ ‘ರೂಪದರ್ಶಿ’ಯಲ್ಲಿ ಆರಿಸಿಕೊಂಡ ವಸ್ತು ವಿಚಾರಾರ್ಹ. ಬಾಲಯೇಸುವಿನ ಮುಖಕ್ಕೆ ರೂಪದರ್ಶಿಯಾದವನೇ ವರ್ಷಗಳ ನಂತರ ದ್ರೋಹಿ ಜೂದಾಸನ ಮುಖಕ್ಕೂ ರೂಪದರ್ಶಿಯಾಗುತ್ತಾನೆ. ಬದುಕು ದೇಹದ ಮೇಲೆ ಬರೆಯುವುದನ್ನು ಯಾವ ಅಳತೆಪಟ್ಟಿಯೂ ಹಿಡಿಯಲಾರದು ಎಂಬುದನ್ನು ನಾನು ಆ ಕೃತಿಯಿಂದ ಅರಿತೆ.

ಪ್ರಮಾಣದ ಜ್ಞಾನ ನಮ್ಮ ಸೀಮೆಗೆ ಹೊಸದಲ್ಲ. ಸಾಗರದ ಗುಡಿಗಾರರು ಗಂಧದ ಕೊರಡಿನಲ್ಲಿ ವಿಗ್ರಹ ಕೆತ್ತುವ ಮನೆತನದವರು. ಶಿಲ್ಪಶಾಸ್ತ್ರದ ತಾಲಮಾನದಲ್ಲಿ ಮುಖದ ಉದ್ದವೇ ಒಂದು ತಾಲ, ಅದಕ್ಕೆ ಹನ್ನೆರಡು ಅಂಗುಲ. ನವತಾಲದ ವಿಗ್ರಹಕ್ಕೆ 108 ಅಂಗುಲ. ಆ ಅಂಗುಲ ಹೊರಗಿನ ಕೋಲಿನಿಂದ ಬಂದದ್ದಲ್ಲ, ಆಯಾ ವಿಗ್ರಹದ ಎತ್ತರದಿಂದಲೇ ಹುಟ್ಟಿದ್ದು. ಗಣಪತಿಗಾದರೋ ಪಂಚತಾಲ. ದೇವರುಗಳಿಗೇ ಒಂದೇ ಪಟ್ಟಿ ಸಾಲದಿರುವಾಗ ಮನುಷ್ಯರಿಗೆ ಸಾಲುವುದೆಂತು?

ಆರೋಗ್ಯದ ಎಚ್ಚರಿಕೆಗೆ ಬಳಸುವ ಅಳತೆಯ ಮಾತು ಬೇರೆ. ಭಾರತೀಯ ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದು 80 ದಾಟಿದರೆ ವೈದ್ಯರು ಎಚ್ಚರಿಸುವುದು ಸರಿಯೇ. ಅದು ರೋಗದ ಸುಳಿವು, ಚೆಲುವಿನ ತೀರ್ಪಲ್ಲ. ಎಲುಬಿನ ಗಾತ್ರ, ಹೆಗಲಿನ ಅಗಲ, ಸ್ನಾಯು ಎಲುಬಿಗೆ ಅಂಟುವ ಜಾಗ ಹುಟ್ಟಿನಿಂದ ಬಂದವು. ದುಡಿಮೆ ಅವುಗಳನ್ನು ಅಷ್ಟಾಗಿ ಬದಲಿಸಲಾರದು.

ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ದಾಟಿ ಕೊನೆ ಇಳಿಸುವ ಕೊನೆಗಾರನ ತೆಳು ತೋಳು ಆ ಲೆಕ್ಕದಲ್ಲಿ ಸೋಲುತ್ತದೆ. ಅವನ ಕಸುಬು ಮಾತ್ರ ಪಟ್ಟಿಯಲ್ಲಿ ಗೆದ್ದ ಅನೇಕರಿಗೆ ಸಾಧ್ಯವಾಗದು. ಹುಡುಗರು ತಮ್ಮ ಈ ತಿಂಗಳ ಬಲವನ್ನು ತಮ್ಮದೇ ಹೋದ ತಿಂಗಳ ಬಲದೊಂದಿಗೆ ಹೋಲಿಸಿಕೊಳ್ಳಲಿ. ಅಳತೆಪಟ್ಟಿ ಕುತೂಹಲಕ್ಕೆ ಸಾಕು, ತೀರ್ಪಿಗೆ ಬೇಡ.